ಹೊಲಿಗೆಯೊಳಗೆ ಸಿಕ್ಕಿಬಿದ್ದ ಗಾಳಿ

ಮಕ್ಕಳ ಕೋಣೆಗೆಂದೇ ತಯಾರಾದ ಚಂದದ ದಿಂಬುಗಳನ್ನು ನೀವು ಮೈಸೂರಿನ ಅಂಗಡಿಗಳಲ್ಲಿ ನೋಡಿರುತ್ತೀರಿ. ಆನೆ, ನವಿಲು, ಅರ್ಧಚಂದ್ರ ಇತ್ಯಾದಿ ಚಿತ್ರಗಳ ತೇಪೆ, ಅದರ ಸುತ್ತ ಚೌಕಚೌಕವಾಗಿ ಅಥವಾ ಅಲೆಯಲೆಯಾಗಿ ಹಾಕಿದ ಹೊಲಿಗೆ. ಹೊಲಿಗೆ ಹೋದಲ್ಲಿ ಬಟ್ಟೆ ತಗ್ಗಾಗಿದೆ, ನಡುವೆ ಉಬ್ಬಿದೆ. ಟೈಲರಿಂಗ್ ಕಲಿಸುವವರು ಇದಕ್ಕೆ ಕ್ವಿಲ್ಟಿಂಗ್ ಎನ್ನುತ್ತಾರೆ. ನಮ್ಮ ಅಜ್ಜಿಯರು ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಕೌದಿ ಹೊಲಿದದ್ದೂ ಇದೇ ವಿದ್ಯೆ. ಆ ಹೊಲಿಗೆ ಅಂದಕ್ಕಾಗಿ ಇದೆ ಎಂದು ನಿಮಗೆ ಅನಿಸಿದ್ದರೆ ಅಂಥ ದಿಂಬೊಂದನ್ನು ಬೆರಳಿನಿಂದ ಒತ್ತಿ, ಬಿಟ್ಟು ನೋಡಿ. ತಗ್ಗಾದದ್ದು ಮೆಲ್ಲಗೆ ಮೇಲೆ ಬರುತ್ತದೆ. ಒತ್ತಿದಾಗ ಹೊರಗೆ ಹೋದದ್ದು, ಬಿಟ್ಟಾಗ ಒಳಗೆ ಬಂದದ್ದು ಗಾಳಿ. ಆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುವುದು ತುಂಬಿದ ಅರಳೆಯ ಕೆಲಸ. ಅರಳೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಹೊಲಿಗೆಯ ಕೆಲಸ. ಇಷ್ಟನ್ನು ವಿಜ್ಞಾನ ತಿಳಿದುಕೊಂಡದ್ದು ಹೇಗೆ ಎಂಬುದು ಸ್ವಾರಸ್ಯವಾದ ಕಥೆ.

ಪದರಗಳನ್ನು ಕೂಡಿಸಿ ಹೊಲಿಯುವ ಕಲೆ ಎಷ್ಟು ಹಳೆಯದೆಂದು ಹೇಳುವುದು ಕಷ್ಟ, ಏಕೆಂದರೆ ಬಟ್ಟೆ ಮಣ್ಣಿನಲ್ಲಿ ಉಳಿಯುವುದಿಲ್ಲ. ಈಜಿಪ್ಟಿನ ಅಬೈಡಾಸ್‌ನಲ್ಲಿ ಸಿಕ್ಕಿ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿರುವ, ಸುಮಾರು 5000 ವರ್ಷ ಹಳೆಯ ದಂತದ ಪುಟ್ಟ ಪ್ರತಿಮೆಯೊಂದಿದೆ. ಅದರಲ್ಲಿ ರಾಜ ಹೊದ್ದಿರುವ ನಿಲುವಂಗಿಯ ಮೇಲೆ ವಜ್ರಾಕಾರದ ಗೆರೆಗಳಿವೆ. ಅದು ಪದರ ಹೊಲಿದ ಬಟ್ಟೆಯೇ ಇರಬೇಕೆಂದು ಹಲವರ ಊಹೆ. ಊಹೆಯಲ್ಲದ, ಕೈಯಲ್ಲಿ ಮುಟ್ಟಬಹುದಾದ ಸಾಕ್ಷ್ಯ ದೊರೆತದ್ದು ಮಂಗೋಲಿಯದ ನೊಯಿನ್-ಉಲ ಬೆಟ್ಟಗಳ ಸಮಾಧಿಗಳಲ್ಲಿ. 1924-25ರಲ್ಲಿ ರಷ್ಯದ ಕೊಜ್ಲೋವ್ ತಂಡ ಅಲ್ಲಿ ಅಗೆದಾಗ ಸುಮಾರು 2000 ವರ್ಷ ಹಿಂದಿನ ಹಾಸೊಂದು ಹೊರಬಂತು. ಅದರ ತುಂಬ ಸುರುಳಿಸುರುಳಿಯಾದ ಹೊಲಿಗೆ. ಚಳಿಯ ನಾಡಿನಲ್ಲಿ ಚಳಿಯೇ ಅದನ್ನು ಕಾಪಾಡಿತ್ತು.

ನಮ್ಮ ಮೈಸೂರು ಸೀಮೆಯಲ್ಲಿ ಪದರ ಹೊಲಿಗೆಗೆ ಇನ್ನೊಂದು ಉಪಯೋಗವೂ ಇತ್ತು. ಲಂಡನ್ನಿನ ವಿಕ್ಟೋರಿಯ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪು ಸುಲ್ತಾನನದೆಂದು ಹೇಳುವ ಶಿರಸ್ತ್ರಾಣವೊಂದಿದೆ. ಅದು ಬರಿಯ ಉಕ್ಕಿನದಲ್ಲ. ಬಟ್ಟೆಯ ಪದರಗಳನ್ನು ಒತ್ತೊತ್ತಾಗಿ ಹೊಲಿದು ಮಾಡಿದ್ದು. ಕತ್ತಿಯ ಏಟು ಬಿದ್ದರೆ ಒಂದೊಂದು ಪದರವೂ ಕೊಂಚ ಕೊಂಚ ಶಕ್ತಿಯನ್ನು ಹೀರುತ್ತದೆ. ಸಾವಿರಾರು ಹೊಲಿಗೆಗಳು ಪದರಗಳು ಜಾರದಂತೆ ತಡೆಯುತ್ತವೆ. ದಿಂಬಿಗೂ ಶಿರಸ್ತ್ರಾಣಕ್ಕೂ ಸಂಬಂಧವೇನು ಎನ್ನುತ್ತೀರಾ? ಎರಡೂ ತಲೆಗೆ ಆಸರೆ, ಎರಡರಲ್ಲೂ ಇರುವುದು ಹತ್ತಿ. ವ್ಯತ್ಯಾಸವಿರುವುದು ಹೊಲಿಗೆಯ ದಟ್ಟಣೆಯಲ್ಲಿ. ಹೊಲಿಗೆ ಒತ್ತಾದಂತೆ ಒಳಗಿನ ಗಾಳಿ ಕಡಿಮೆಯಾಗಿ ಬಟ್ಟೆ ಗಡುಸಾಗುತ್ತದೆ, ವಿರಳವಾದಂತೆ ಮೆತ್ತಗಾಗುತ್ತದೆ.

ಶ್ರೀರಂಗಪಟ್ಟಣದ ಒಪ್ಪಂದಕ್ಕೆ ಟಿಪ್ಪು ಸಹಿ ಹಾಕಿದ್ದು 1792ರಲ್ಲಿ. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದು ವಿಚಿತ್ರ ಲೇಖನ ಅಚ್ಚಾಯಿತು. ಬರೆದವನು ಬೆಂಜಮಿನ್ ಥಾಂಪ್ಸನ್. ಹುಟ್ಟಿದ್ದು ಅಮೆರಿಕದಲ್ಲಿ, ನೌಕರಿ ಜರ್ಮನಿಯ ಬವೇರಿಯದಲ್ಲಿ. ಮುಂದೆ ಕೌಂಟ್ ರಮ್‌ಫರ್ಡ್ ಎಂದೇ ಹೆಸರಾದ. ಫಿರಂಗಿ ಕೊರೆಯುವಾಗ ಹುಟ್ಟುವ ಉಷ್ಣದ ಬಗೆಗಿನ ಅವನ ಪ್ರಯೋಗವನ್ನು ನೀವು ಭೌತವಿಜ್ಞಾನದ ಪಾಠದಲ್ಲಿ ಓದಿರುತ್ತೀರಿ. ಅದಕ್ಕೂ ಮೊದಲು ಅವನ ತಲೆ ಕೆಡಿಸಿದ್ದು ಬಟ್ಟೆ. ಸೈನಿಕರಿಗೆ ಕಡಿಮೆ ಖರ್ಚಿನಲ್ಲಿ ಬೆಚ್ಚಗಿನ ಉಡುಪು ಕೊಡುವುದು ಹೇಗೆ? ಬೆಚ್ಚಗಿರುವುದು ಉಣ್ಣೆಯೋ, ಹತ್ತಿಯೋ, ರೇಷ್ಮೆಯೋ?

ಅವನ ಉಪಕರಣ ತೀರ ಸರಳ. ಒಂದು ಗಾಜಿನ ಗೋಲ, ಅದರ ನಟ್ಟನಡುವೆ ಉಷ್ಣಮಾಪಕದ ಬುರುಡೆ. ನಡುವಿನ ಖಾಲಿ ಜಾಗದಲ್ಲಿ 16 ಗ್ರೇನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಒಂದು ಗ್ರಾಂ, ಪರೀಕ್ಷಿಸಬೇಕಾದ ವಸ್ತುವನ್ನು ಹರಡಿ ತುಂಬುವುದು. ಇಡೀ ಗೋಲವನ್ನು ಕುದಿಯುವ ನೀರಿನಲ್ಲಿ ಕಾಯಿಸಿ, ಬಳಿಕ ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸುವುದು. ತಾಪ 70 ರಿಯೋಮರ್ ಡಿಗ್ರಿಯಿಂದ 10ಕ್ಕೆ (ಸೆಲ್ಸಿಯಸ್‌ನಲ್ಲಿ 87.5ರಿಂದ 12.5ಕ್ಕೆ) ಇಳಿಯಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸುವುದು. ಗೋಲದಲ್ಲಿ ಬರಿಯ ಗಾಳಿಯಿದ್ದಾಗ 576 ಸೆಕೆಂಡು ಹಿಡಿಯಿತು. ಹತ್ತಿ ತುಂಬಿದಾಗ 1046, ಕುರಿಯ ಉಣ್ಣೆ ತುಂಬಿದಾಗ 1118, ಹಸಿ ರೇಷ್ಮೆಗೆ 1284. ಈಡರ್ ಬಾತಿನ ನವಿರು ಗರಿಗೆ 1305.

ಇಷ್ಟೇ ಆಗಿದ್ದರೆ ಅದೊಂದು ಬಟ್ಟೆ ವ್ಯಾಪಾರಿಯ ಪಟ್ಟಿಯಾಗುತ್ತಿತ್ತು. ರಮ್‌ಫರ್ಡ್ ಮುಂದೆ ಇಟ್ಟ ಹೆಜ್ಜೆ ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಜಾಣ ಹೆಜ್ಜೆ. ಅವನು ರೇಷ್ಮೆಯನ್ನೇ ಮೂರು ರೂಪಗಳಲ್ಲಿ ಪರೀಕ್ಷಿಸಿದ. ಹಸಿ ರೇಷ್ಮೆಗೆ 1284 ಸೆಕೆಂಡು ಬಂದಿತ್ತಲ್ಲ. ಟ್ಯಾಫೆಟ ಬಟ್ಟೆಯಿಂದ ಬಿಚ್ಚಿದ ಎಳೆಗಳಿಗೆ 1169 ಬಂತು. ಹುರಿ ಮಾಡಿದ ಹೊಲಿಗೆಯ ರೇಷ್ಮೆ ದಾರವನ್ನು ತುಂಡರಿಸಿ ತುಂಬಿದಾಗ 917ಕ್ಕೆ ಇಳಿಯಿತು. ತೂಕ ಅಷ್ಟೇ, ಪದಾರ್ಥ ಅದೇ, ಹುಳ ಹೆಣೆದದ್ದೂ ಅದನ್ನೇ. ಬೇರೆಯಾದದ್ದು ಎಳೆಗಳು ಎಷ್ಟು ಬಿಡಿಬಿಡಿಯಾಗಿ ಹರಡಿವೆ ಎಂಬುದು ಮಾತ್ರ. ಹಾಗಾದರೆ ಬೆಚ್ಚಗಿಡುವುದು ರೇಷ್ಮೆಯಲ್ಲ. ಗೋಲದೊಳಗಿನ ಜಾಗದಲ್ಲಿ ರೇಷ್ಮೆ ಆಕ್ರಮಿಸಿದ್ದು ಐವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ, ಉಳಿದದ್ದೆಲ್ಲ ಗಾಳಿ. ಎಳೆಗಳ ನಡುವೆ ಸಿಕ್ಕಿಬಿದ್ದ ಗಾಳಿಗೆ ಓಡಾಡಲು ಆಗದಿರುವುದೇ ಗುಟ್ಟು ಎಂದು ಅವನು ಕಂಡುಕೊಂಡ. ಆ ವರ್ಷದ ಕಾಪ್ಲಿ ಪದಕ ಅವನಿಗೆ ಸಂದಿತು.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೇಷ್ಮೆ ನೇಯ್ಗೆ ಕಾರ್ಖಾನೆ ಆರಂಭವಾದ ಊರು ಮೈಸೂರು. ಇಲ್ಲಿನ ವಿದ್ಯಾರ್ಥಿಗಳಿಗೆ ಗೂಡು, ಹಸಿ ರೇಷ್ಮೆ, ಹುರಿ ರೇಷ್ಮೆ ಇವುಗಳ ವ್ಯತ್ಯಾಸವನ್ನು ಕೈಯಲ್ಲೇ ತೋರಿಸಬಹುದು. ರಮ್‌ಫರ್ಡ್‌ನ ಮೂರು ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ ಇದನ್ನು ಮರೆಯಬೇಡಿ.

ರಮ್‌ಫರ್ಡ್ ಹೇಳಿದ್ದೆಲ್ಲ ಸರಿಯಾಗಿರಲಿಲ್ಲ. ಗಾಳಿಗೆ ಉಷ್ಣವನ್ನು ವಹಿಸುವ ಗುಣವೇ ಇಲ್ಲವೆಂದು ಅವನು ಎಣಿಸಿದ್ದ. ಗುಣ ಇದೆ, ಆದರೆ ಬಹಳ ಕಡಿಮೆ. ಅದನ್ನು ನಂಬಿಕೆಗೆ ಅರ್ಹವಾಗಿ ಅಳೆಯಲು ಇನ್ನೂ 80 ವರ್ಷ ಬೇಕಾಯಿತು. 1872ರಲ್ಲಿ ವಿಯೆನ್ನಾದ ಜೋಸೆಫ್ ಸ್ಟೀಫನ್ ಅಳೆದ. ಇಂದಿನ ಅಳತೆಯಂತೆ ಕೋಣೆಯ ತಾಪದಲ್ಲಿ ನಿಶ್ಚಲ ಗಾಳಿಯ ಉಷ್ಣವಾಹಕತೆ ಮೀಟರಿಗೆ, ಕೆಲ್ವಿನ್‌ಗೆ 0.026 ವಾಟ್. ನೀರಿನದು ಸುಮಾರು 0.6, ತಾಮ್ರದ್ದು ಸುಮಾರು 400. ನೆನೆದ ಕೌದಿ ಏಕೆ ಬೆಚ್ಚಗಿರುವುದಿಲ್ಲ ಎಂಬುದಕ್ಕೆ ಈ ಅಂಕಿಗಳೇ ಉತ್ತರ: ಗಾಳಿ ಇದ್ದ ಜಾಗಕ್ಕೆ ಇಪ್ಪತ್ತು ಪಟ್ಟಿಗೂ ಮಿಕ್ಕಿ ಉಷ್ಣ ಸಾಗಿಸುವ ನೀರು ಬಂದು ಕೂತಿರುತ್ತದೆ.

ಗಾಳಿಯನ್ನು ಹಿಡಿಯುವ ಕಾಯಕವನ್ನು ನಮ್ಮಲ್ಲಿ ತಲೆತಲಾಂತರದಿಂದ ಮಾಡಿದವರು ಪಿಂಜಾರರು. ದೊಡ್ಡ ಬಿಲ್ಲನ್ನು ಹೆಗಲಿಗೇರಿಸಿ ಬೀದಿಗೆ ಬರುತ್ತಿದ್ದ ಅವರು ಗಂಟುಗಟ್ಟಿದ ಹಳೆಯ ಹಾಸಿಗೆಯನ್ನು ಬಿಚ್ಚಿ, ಬಿಲ್ಲಿನ ಹೆದೆಯನ್ನು ಹತ್ತಿಗೆ ತಾಗಿಸಿ ಮೀಟುತ್ತಿದ್ದರು. ಕಂಪಿಸುವ ಹೆದೆ ಎಳೆಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಹಿಡಿಯಷ್ಟಿದ್ದ ಹತ್ತಿ ಬುಟ್ಟಿಯಷ್ಟಾಗುತ್ತದೆ. ತೂಕ ಹೆಚ್ಚಲಿಲ್ಲ, ಗಾಳಿ ಸೇರಿತು. 917ರ ಕಡೆಯಿಂದ 1284ರ ಕಡೆಗೆ ಹೋಗುವುದೆಂದರೆ ಇದೇ. ಪಿಂಜಾರರಿಗೆ ರಮ್‌ಫರ್ಡ್‌ನ ಹೆಸರು ಗೊತ್ತಿರಬೇಕಾಗಿರಲಿಲ್ಲ. ಹಾಗೆಂದು ರಮ್‌ಫರ್ಡ್ ಹೊಸದೇನೂ ಹೇಳಲಿಲ್ಲ ಎನ್ನುವುದೂ ತಪ್ಪು. ಮಾಡಲು ತಿಳಿದಿರುವುದು ಒಂದು, ಏಕೆ ಹಾಗಾಗುತ್ತದೆಂದು ಅಳೆದು ತೋರಿಸುವುದು ಇನ್ನೊಂದು.

ದಿಂಬಿಗೆ ತುಂಬುತ್ತಿದ್ದ ಇನ್ನೊಂದು ವಸ್ತು ಬೂರುಗದ ಹತ್ತಿ. ಹೊಲದ ಹತ್ತಿಯ ಎಳೆ ಬೀಜದ ಮೇಲೆ ಬೆಳೆದರೆ ಬೂರುಗದ ಎಳೆ ಕಾಯಿಯ ಒಳಗೋಡೆಯಿಂದ ಬರುತ್ತದೆ. ಅದು ಒಳಗೆ ಟೊಳ್ಳು, ಹೊರಗೆ ಮೇಣದ ಲೇಪ, ಮೈ ನುಣುಪು. ಆದ್ದರಿಂದ ಅದನ್ನು ನೂಲಾಗಿಸುವುದು ಕಷ್ಟ, ಆದರೆ ದಿಂಬಿಗೆ ಹೇಳಿಮಾಡಿಸಿದ್ದು. ನೀರಿನಲ್ಲಿ ಸುಲಭವಾಗಿ ನೆನೆಯದ ಕಾರಣ ಹಡಗಿನವರ ಜೀವರಕ್ಷಕ ಅಂಗಿಗಳಲ್ಲೂ ಹಿಂದೆ ಇದನ್ನೇ ತುಂಬುತ್ತಿದ್ದರು. ಇಂದಿನ ಅಂಗಡಿಯ ದಿಂಬುಗಳಲ್ಲಿ ಹೆಚ್ಚಾಗಿ ಇರುವುದು ಪಾಲಿಯೆಸ್ಟರ್. ಅದರ ಎಳೆ 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಅವರಿಂದ ಬಂತು. ಕೆಲವು ಬಗೆಯ ಪಾಲಿಯೆಸ್ಟರ್ ಎಳೆಗಳನ್ನು ಈಗ ಬೇಕೆಂದೇ ಟೊಳ್ಳಾಗಿ ತೆಗೆಯುತ್ತಾರೆ. ಬೂರುಗದ ಮರ ಮೊದಲೇ ಮಾಡಿದ್ದ ಉಪಾಯ.

ಹೊಲಿಗೆಗೆ ಬರೋಣ. ಕರ್ನಾಟಕದಲ್ಲಿ ಇದರ ಅತ್ಯಂತ ಸುಂದರ ಮಾದರಿ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರದು. ಆಫ್ರಿಕ ಮೂಲದ ಈ ಜನ ತಮ್ಮ ಕೌದಿಯನ್ನು ಕವಂದ್ ಎನ್ನುತ್ತಾರೆ. ಹಳೆಯ ಸೀರೆಯ ಹಾಸಿನ ಮೇಲೆ ಬಣ್ಣದ ತೇಪೆಗಳನ್ನು ಇಟ್ಟು, ಒಂದು ಮೂಲೆಯಿಂದ ಆರಂಭಿಸಿ, ಅಂಚಿನಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಹೂವಿನಂಥ ಮಡಿಕೆಯ ತೇಪೆ ಕೂತರೇ ಕವಂದ್ ಮುಗಿದಂತೆ. ಮಗುವಿಗಾಗಿ ಚಿಕ್ಕ ಅಳತೆಯವನ್ನೂ ಹೊಲಿಯುತ್ತಾರೆ. ಯಂತ್ರದಲ್ಲಿ ಹೊಲಿಯುವವರು ಇದಕ್ಕೆ ತದ್ವಿರುದ್ಧವಾಗಿ ನಡುವಿನಿಂದ ಅಂಚಿಗೆ ಹೋಗುತ್ತಾರೆ. ಕಾರಣವಿದೆ. ಯಂತ್ರದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಮೇಲಿನ ಪದರವನ್ನು ತುಸು ಮುಂದಕ್ಕೆ ತಳ್ಳುತ್ತದೆ, ಕೆಳಗಿನ ಹಲ್ಲು ಕೆಳಪದರವನ್ನು ಹಿಂದಕ್ಕೆ ಎಳೆಯುತ್ತದೆ. ನಡುವಿನಿಂದ ಹೊರಟರೆ ಹೆಚ್ಚಾದ ಬಟ್ಟೆ ಅಂಚಿಗೆ ಸರಿದು ಹೋಗುತ್ತದೆ. ಅಂಚಿನಿಂದ ಹೊರಟರೆ ನಡುವೆ ಸುಕ್ಕಾಗಿ ನಿಲ್ಲುತ್ತದೆ. ಸಿದ್ದಿ ಮಹಿಳೆಗೆ ಈ ತೊಂದರೆಯಿಲ್ಲ, ಪ್ರತಿ ತೇಪೆಯನ್ನೂ ಅವಳ ಬೆರಳು ಸವರಿ ಕೂರಿಸುತ್ತದೆ.

ಎಲಿಯಾಸ್ ಹೋವೆ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ತುದಿಯ ಬಳಿ ಇತ್ತು, ದಾರ ಎರಡು. ಮೇಲಿನ ದಾರ, ಬಾಬಿನ್ನಿನ ದಾರ ಇವೆರಡೂ ಪದರಗಳ ಒಳಗೆ ಒಂದನ್ನೊಂದು ತೊಡರುತ್ತವೆ. ಇಂದಿನ ಮನೆಯ ಯಂತ್ರಗಳೂ ಇದೇ ತತ್ತ್ವದವು.

ಈಗ ನೀವೇ ಮಕ್ಕಳ ಕೋಣೆಗೆ ಒಂದು ದಿಂಬು ಹೊಲಿಯುವುದಾದರೆ ಈ ಇತಿಹಾಸ ಎಲ್ಲಿ ಉಪಯೋಗಕ್ಕೆ ಬರುತ್ತದೆ? ಬಟ್ಟೆಯನ್ನು ಕತ್ತರಿಸುವ ಮೊದಲು ಒಗೆದು ಒಣಗಿಸಿ, ಹೊಸ ಹತ್ತಿ ಬಟ್ಟೆ ಕುಗ್ಗುತ್ತದೆ. ಮೇಲಿನ ಬಟ್ಟೆ, ತೆಳುವಾದ ಅರಳೆ, ಅಸ್ತರು, ಮೂರನ್ನೂ ಸೇರಿಸಿ ದೊಡ್ಡ ಹೊಲಿಗೆಯಲ್ಲಿ ತಾತ್ಕಾಲಿಕವಾಗಿ ಕಟ್ಟಿಕೊಳ್ಳಿ. ಆಮೇಲೆ ಗೆರೆ ಹೊಲಿಯಿರಿ. ಗೆರೆಗಳು ಅಂಗೈ ಅಗಲಕ್ಕಿಂತ ದೂರವಾದರೆ ಒಗೆದಾಗ ಅರಳೆ ಗಂಟಾಗುತ್ತದೆ. ಬೆರಳಿನಗಲಕ್ಕೆ ಹತ್ತಿರವಾದರೆ ಟಿಪ್ಪುವಿನ ಶಿರಸ್ತ್ರಾಣದ ಕಡೆಗೆ ಹೊರಟಿರಿ. ಹಿಂಬದಿಗೆ ಗುಂಡಿ ಬೇಡ, ಕಿತ್ತು ನುಂಗುವ ವಯಸ್ಸಿನವರು ಮನೆಯಲ್ಲಿರುತ್ತಾರೆ. ಎರಡು ತುಂಡುಗಳನ್ನು ಒಂದರ ಮೇಲೊಂದು ಬರುವಂತೆ ಹೊಲಿದರೆ ಒಳದಿಂಬನ್ನು ತೆಗೆದು ಹೊದಿಕೆಯನ್ನು ಒಗೆಯಬಹುದು.

ಒಗೆಯುವ ಮಾತು ಸಣ್ಣದಲ್ಲ. ಗಾಳಿಯನ್ನು ಹಿಡಿಯುವ ಎಳೆಗಳು ಧೂಳನ್ನೂ ಹಿಡಿಯುತ್ತವೆ. ಮನೆಯ ಧೂಳಿನಿಂದ ಬರುವ ಅಲರ್ಜಿಗೆ ಅದರಲ್ಲಿನ ಬರಿಗಣ್ಣಿಗೆ ಕಾಣದ ನುಸಿಗಳು ಮುಖ್ಯ ಕಾರಣವೆಂದು 1960ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೂರ್‌ಹಾರ್ಸ್ಟ್ ಮತ್ತು ಸಂಗಡಿಗರು ತೋರಿಸಿದರು. ಈ ನುಸಿಗಳು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನು ಹೀರಿ ಬದುಕುತ್ತವೆ. ಹತ್ತಿ ತನ್ನ ಒಣತೂಕದ ಸುಮಾರು 8 ಶೇಕಡದಷ್ಟು ತೇವವನ್ನು ಸಾಧಾರಣ ಹವೆಯಲ್ಲೇ ಹಿಡಿದಿಡುತ್ತದೆ, ಪಾಲಿಯೆಸ್ಟರ್ ಅರ್ಧ ಶೇಕಡವನ್ನೂ ಹಿಡಿಯುವುದಿಲ್ಲ. ಹಾಸಿಗೆಯನ್ನು ಬಿಸಿಲಿಗೆ ಹಾಕುವ ನಮ್ಮ ಪದ್ಧತಿ ನುಸಿಯ ನೀರನ್ನೇ ಕಸಿಯುತ್ತದೆ. ಆದರೆ ಸತ್ತ ನುಸಿಯ ಅವಶೇಷವೂ ಉಬ್ಬಸ ಎಬ್ಬಿಸುವುದರಿಂದ ಬಿಸಿಲಿನ ಜೊತೆಗೆ ಬಿಸಿನೀರಿನ ಒಗೆತವೂ ಬೇಕು. 60 ಡಿಗ್ರಿ ಸೆಲ್ಸಿಯಸ್ ನೀರು ನುಸಿಗಳನ್ನು ಕೊಲ್ಲುತ್ತದೆ.

ಇನ್ನೊಂದು ವಿಷಯವನ್ನು ಬಿಡಿಸಿ ಹೇಳಬೇಕು. ಒಂದು ವರ್ಷ ತುಂಬದ ಕೂಸು ಮಲಗುವಲ್ಲಿ ಈ ದಿಂಬನ್ನಾಗಲಿ, ಬೇರೆ ಯಾವುದೇ ಮೆತ್ತನೆಯ ವಸ್ತುವನ್ನಾಗಲಿ ಇಡಬಾರದು. ಮೂಗು ಅದರಲ್ಲಿ ಹುದುಗಿದರೆ ಕೂಸು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ತಲೆ ಹೊರಳಿಸುವ ಬಲ ಅದಕ್ಕಿರುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘ 1992ರಲ್ಲಿ ಕೂಸುಗಳನ್ನು ಬೋರಲು ಮಲಗಿಸಬೇಡಿ ಎಂದು ಸಲಹೆ ಕೊಟ್ಟಿತು. ಆ ಬಳಿಕ ನಿದ್ದೆಯಲ್ಲಿನ ಹಠಾತ್ ಸಾವುಗಳು ಅಲ್ಲಿ ಗಣನೀಯವಾಗಿ ಇಳಿದವು. ತಲೆ ದುಂಡಗಾಗಲಿ ಎಂದು ನಮ್ಮ ಮನೆಗಳಲ್ಲಿ ಸಾಸಿವೆ ದಿಂಬು ಮಾಡುವುದುಂಟು. ಕಾಳುಗಳು ಉರುಳಿ ತಲೆಯ ಆಕಾರಕ್ಕೆ ಹೊಂದಿಕೊಳ್ಳುವುದು ನಿಜ. ಆದರೆ ತಲೆಯ ಆಕಾರ ತಿದ್ದುವ ದಿಂಬುಗಳನ್ನು ಕೂಸುಗಳಿಗೆ ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2022ರಲ್ಲಿ ಎಚ್ಚರಿಸಿತು. ಹಿರಿಯರು ಪ್ರೀತಿಯಿಂದ ಹೊಲಿದುಕೊಟ್ಟದ್ದನ್ನು ಬೇಡವೆನ್ನುವುದು ಕಷ್ಟ. ಮಗುವಿಗೆ ಎರಡು ವರ್ಷವಾಗುವ ತನಕ ಅದನ್ನು ಕಪಾಟಿನ ಮೇಲೆ ಅಲಂಕಾರಕ್ಕಿಡಿ.

ಶಿಕ್ಷಕರು ರಮ್‌ಫರ್ಡ್‌ನ ಪ್ರಯೋಗವನ್ನು ತರಗತಿಯಲ್ಲಿ ಮಾಡಿಸಬಹುದು. ಒಂದೇ ಅಳತೆಯ ಮೂರು ಸಣ್ಣ ಸೀಸೆಗಳು, ಮೂರು ಉಷ್ಣಮಾಪಕಗಳು, ಸಮ ತೂಕದ ಮೂರು ಹಿಡಿ ಹತ್ತಿ ಸಾಕು. ಒಂದು ಹಿಡಿಯನ್ನು ಚೆನ್ನಾಗಿ ಹಿಂಜಿ, ಎರಡು ಪದರ ಬಟ್ಟೆಯ ನಡುವೆ ಹರಡಿ, ಗೆರೆ ಹೊಲಿದು ಸೀಸೆಗೆ ಸುತ್ತಿ. ಇನ್ನೊಂದನ್ನು ಅದೇ ಬಟ್ಟೆಯಲ್ಲಿಟ್ಟು ದಾರದಿಂದ ಬಿಗಿಯಾಗಿ ಬಿಗಿದು ಸುತ್ತಿ. ಮೂರನೆಯದನ್ನು ಮೊದಲನೆಯದರಂತೆಯೇ ಹೊಲಿದು, ನೀರಿನಲ್ಲಿ ಅದ್ದಿ ಹಿಂಡಿ ಸುತ್ತಿ. 60 ಡಿಗ್ರಿಯ ನೀರನ್ನು ಶಿಕ್ಷಕರೇ ಸುರಿಯಲಿ. ತಾಪ 45ಕ್ಕೆ ಇಳಿಯಲು ಹಿಡಿದ ನಿಮಿಷಗಳನ್ನು ಮಕ್ಕಳು ಬರೆದುಕೊಳ್ಳಲಿ. ಒದ್ದೆಯದು ಮೊದಲು ತಣಿಯುತ್ತದೆಂದು ಎಲ್ಲರೂ ಹೇಳುತ್ತಾರೆ. ಆವಿಯಾಗುವಿಕೆಯ ಪಾಲೆಷ್ಟು, ವಾಹಕತೆಯ ಪಾಲೆಷ್ಟು ಎಂದು ಬೇರ್ಪಡಿಸಲು ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಇನ್ನೊಮ್ಮೆ ಅಳೆಯಬೇಕಾಗುತ್ತದೆ.