ಜೀವವೈದ್ಯಕೀಯ ದತ್ತಾಂಶ ವಿಜ್ಞಾನ ತರಬೇತಿ, ಕರ್ನಾಟಕದಲ್ಲಿ

ಜೀನೋಮ್, ಆಸ್ಪತ್ರೆಯ ದಾಖಲೆ, ರಕ್ತಪರೀಕ್ಷೆಯ ಅಂಕಿಗಳನ್ನು ಒಟ್ಟಿಗೆ ಓದಿ ಯಾರಿಗೆ ಯಾವ ರೋಗದ ಅಪಾಯವಿದೆ, ಯಾವ ಔಷಧ ಒಗ್ಗುತ್ತದೆ ಎಂದು ಅಂದಾಜಿಸಬಲ್ಲವರನ್ನು ಸಿದ್ಧಗೊಳಿಸುವ ಶಿಕ್ಷಣ. ರಾಜ್ಯದಲ್ಲಿ ಇದರ ಮುಖ್ಯ ನೆಲೆ ಬೆಂಗಳೂರು. ರಾಜ್ಯ ಸರ್ಕಾರದ ಬೆಂಬಲದಿಂದ 2001ರಲ್ಲಿ ಅಲ್ಲಿ ಆರಂಭವಾದ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಆ್ಯಂಡ್ ಅಪ್ಲೈಡ್ ಬಯೋಟೆಕ್ನಾಲಜಿ (ಐಬಿಎಬಿ) ಜೀವಶಾಸ್ತ್ರ ಓದಿದವರಿಗೆ ಪ್ರೋಗ್ರಾಮಿಂಗ್, ಸಂಖ್ಯಾಶಾಸ್ತ್ರ ಕಲಿಸುತ್ತ ಬಂದಿದೆ.

ಇಂಥ ತರಬೇತಿ ಇಲ್ಲಿಯೇ ಬೇಕಾಗಲು ಕಾರಣವಿದೆ: ಜಗತ್ತಿನ ಜೀನೋಮ್ ದತ್ತಾಂಶದಲ್ಲಿ ಬಹುಪಾಲು ಯುರೋಪ್ ಮೂಲದವರದು. ಅದನ್ನೇ ನೆಚ್ಚಿದ ಅಪಾಯದ ಲೆಕ್ಕ ನಮ್ಮವರಿಗೆ ಎಷ್ಟೋ ಸಲ ತಪ್ಪುತ್ತದೆ. ಒಳವಿವಾಹ ಪದ್ಧತಿಯ ಸಮಾಜದಲ್ಲಿ ತೊಡಕು ಇನ್ನೂ ಹೆಚ್ಚು: ವೈಶ್ಯ ಸಮುದಾಯದ ಕೆಲವರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧವನ್ನು ಒಡೆಯುವ ಕಿಣ್ವದ ಕೊರತೆಯಿದ್ದು, ಶಸ್ತ್ರಚಿಕಿತ್ಸೆಯ ಬಳಿಕ ಸ್ನಾಯುಗಳು, ಉಸಿರಾಟದವೂ ಸೇರಿ, ಬಹಳ ಹೊತ್ತು ನಿಶ್ಚಲವಾಗಿ ಉಳಿಯಬಹುದು. ಸರಾಸರಿ ಭಾರತೀಯನ ಅಂಕಿಯಲ್ಲಿ ಇದು ಕಾಣಿಸದು.

ದತ್ತಾಂಶದ ಈ ಕೊರತೆ ನೀಗಲು 2020ರಲ್ಲಿ ಆರಂಭವಾದ ಜೀನೋಮ್ ಇಂಡಿಯಾ ಯೋಜನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಸಮನ್ವಯಗೊಳಿಸಿತು. ಸುಮಾರು 10,000 ಜನರ ಜೀನೋಮ್ ದತ್ತಾಂಶ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ಅದೇ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ಮಿದುಳಿನ ಆರೋಗ್ಯವನ್ನು ವರ್ಷಗಟ್ಟಲೆ ಅನುಸರಿಸುತ್ತಿದೆ. ತರಬೇತಿಯ ನಿಜವಾದ ಪಾಠ ಇರುವುದು ಇಂಥಲ್ಲೇ. ಅಕ್ಷರ ಬಾರದ ಹಿರಿಯರ ನೆನಪಿನ ಶಕ್ತಿಯನ್ನು ಓದುಬರಹದ ಪರೀಕ್ಷೆಯಿಂದ ಅಳೆದರೆ ಬರುವುದು ರೋಗದ ಲೆಕ್ಕವಲ್ಲ, ಶಾಲೆಯ ಲೆಕ್ಕ. ಇಂಥ ಹಳ್ಳಿಗಳವರಿಗೆ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಬಿಡಿಸಿ ಹೇಳುವುದೂ ಇದೇ ವಿದ್ಯೆಯ ಭಾಗ, ಪಠ್ಯಕ್ರಮದಲ್ಲಿ ಅದಕ್ಕೆ ಅಂಕವಿರಲಿ ಇಲ್ಲದಿರಲಿ.