ಒಂದು ಗುಳಿಗೆ, ಎರಡು ಹೆಸರು

ಮೊಡವೆಯನ್ನು ನಮ್ಮಲ್ಲಿ ಯಾರೂ ದೊಡ್ಡ ರೋಗವೆಂದು ಎಣಿಸಿದವರಲ್ಲ. ಅದು ಹರೆಯದ ಗುರುತು, ಬಂದಂತೆ ಹೋಗುತ್ತದೆ ಎಂದು ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ನಗಲಾರದವರು ಅದನ್ನು ಮುಖದ ಮೇಲೆ ಹೊತ್ತು ತಿರುಗುವವರು ಮಾತ್ರ. ಸುಶ್ರುತ ಸಂಹಿತೆ ಇದನ್ನು ಕ್ಷುದ್ರರೋಗಗಳ ಸಾಲಿಗೆ ಸೇರಿಸಿದೆಯಾದರೂ ಅದಕ್ಕಿಟ್ಟ ಹೆಸರು ಕ್ಷುದ್ರವಾದುದಲ್ಲ: ಮುಖದೂಷಿಕಾ, ಎಂದರೆ ಮುಖವನ್ನು ಕೆಡಿಸುವಂಥದು. ಬೂರುಗದ ಮುಳ್ಳಿನಂಥ ಗುಳ್ಳೆಗಳು ಎಂಬ ಹೋಲಿಕೆಯೂ ಅಲ್ಲಿದೆ. ಎಳೆಯ ಬೂರುಗದ ಕಾಂಡವನ್ನು ಕಂಡವರಿಗೆ ಆ ಹೋಲಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕ್ಷುದ್ರರೋಗಕ್ಕೆ ಕಳೆದ ಸುಮಾರು 60 ವರ್ಷಗಳಿಂದ ವೈದ್ಯರು ಕೊಡುತ್ತ ಬಂದಿರುವ ಮದ್ದುಗಳಲ್ಲಿ ಗರ್ಭನಿರೋಧಕ ಗುಳಿಗೆಯೂ ಒಂದು. ಮಕ್ಕಳು ಸದ್ಯಕ್ಕೆ ಬೇಡವೆಂಬವರಿಗಾಗಿ ಹುಟ್ಟಿದ ಗುಳಿಗೆ ಮುಖದ ಮದ್ದಾದದ್ದು ಹೇಗೆ, ಹಾಗಾದ ಮೇಲೆ ಅದರ ಕೇಡುಗಳನ್ನು ಯಾವ ತಕ್ಕಡಿಯಲ್ಲಿ ತೂಗಿದರು ಎಂಬುದು ಈ ಹೊತ್ತಿನ ನಮ್ಮ ವಿಚಾರ. ಇದು ಬಹುಮಟ್ಟಿಗೆ ಅಮೆರಿಕ ಮತ್ತು ಯೂರೋಪುಗಳ ಚರಿತ್ರೆ. ಆದರೂ ಆ ಗುಳಿಗೆ ನಮ್ಮ ಊರುಗಳ ಔಷಧದ ಅಂಗಡಿಗೆ ಬಂದು ಕುಳಿತಿರುವುದರಿಂದ ಅದರ ಪೂರ್ವವೃತ್ತಾಂತ ನಮಗೂ ಬೇಕಾದದ್ದೇ.

ಮೊದಲು ಮೊಡವೆಯ ಮೂಲವನ್ನು ನೋಡೋಣ. 1941ರಲ್ಲಿ ಜೇಮ್ಸ್ ಹ್ಯಾಮಿಲ್ಟನ್ ಎಂಬ ಅಮೆರಿಕದ ವಿಜ್ಞಾನಿ ಒಂದು ವಿಷಯವನ್ನು ಖಚಿತಪಡಿಸಿದನು. ಹರೆಯಕ್ಕೆ ಮೊದಲೇ ವೃಷಣಗಳನ್ನು ಕಳೆದುಕೊಂಡ ಗಂಡಸರಿಗೆ ಮೊಡವೆ ಬರುವುದಿಲ್ಲ. ಅಂಥವರಿಗೆ ಟೆಸ್ಟೋಸ್ಟಿರೋನ್ ಎಂಬ ಪುರುಷ ಹಾರ್ಮೋನನ್ನು ಕೊಟ್ಟರೆ ಬರುತ್ತದೆ. ಚರ್ಮದಲ್ಲಿರುವ ಎಣ್ಣೆಯ ಗ್ರಂಥಿಗಳನ್ನು ಬೆಳೆಸಿ, ಜಿಡ್ಡನ್ನು ಹೆಚ್ಚಿಸುವುದು ಈ ಹಾರ್ಮೋನು. ಪುರುಷ ಹಾರ್ಮೋನೆಂದು ಕರೆದ ಮಾತ್ರಕ್ಕೆ ಅದು ಪುರುಷರ ಸ್ವಂತ ಸೊತ್ತಲ್ಲ. ಹೆಣ್ಣಿನ ಅಂಡಾಶಯವೂ ಮೂತ್ರಪಿಂಡಗಳ ಮೇಲೆ ಕುಳಿತ ಅಡ್ರಿನಲ್ ಗ್ರಂಥಿಯೂ ಅದನ್ನು ಅಲ್ಪ ಪ್ರಮಾಣದಲ್ಲಿ ತಯಾರಿಸುತ್ತವೆ. ಹಾಗಾದರೆ ಹೆಣ್ಣುಮಕ್ಕಳಲ್ಲಿ ಆ ಅಲ್ಪವನ್ನು ಇನ್ನಷ್ಟು ಅಲ್ಪವಾಗಿಸಿದರೆ ಮೊಡವೆ ಇಳಿಯಬೇಕಲ್ಲವೆ? ತರ್ಕ ಸರಿಯಾಗಿತ್ತು. ಅದಕ್ಕೆ ತಕ್ಕ ಮದ್ದು ಮಾತ್ರ ಇನ್ನೂ ಕೈಗೆ ಬಂದಿರಲಿಲ್ಲ.

ಆ ಮದ್ದು ಬಂದದ್ದು ಬೇರೊಂದು ಬಾಗಿಲಿನಿಂದ. ಮಾರ್ಗರೆಟ್ ಸ್ಯಾಂಗರ್ ಎಂಬಾಕೆಯ ಹಟ, ಕ್ಯಾಥರೀನ್ ಮೆಕಾರ್ಮಿಕ್ ಎಂಬ ಶ್ರೀಮಂತ ಮಹಿಳೆಯ ಹಣ, ಗ್ರೆಗರಿ ಪಿಂಕಸ್ ಎಂಬ ವಿಜ್ಞಾನಿಯ ಪ್ರಯೋಗಶಾಲೆ, ಜಾನ್ ರಾಕ್ ಎಂಬ ವೈದ್ಯನ ಚಿಕಿತ್ಸಾಲಯ, ಇವೆಲ್ಲ ಕೂಡಿ 1950ರ ದಶಕದಲ್ಲಿ ಗುಳಿಗೆ ರೂಪುಗೊಂಡಿತು. ರಾಕ್ ಇದ್ದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಗರ್ಭನಿರೋಧಕಗಳಿಗೆ ಕಾನೂನಿನ ನಿಷೇಧವಿತ್ತು. ಆದ್ದರಿಂದ ದೊಡ್ಡ ಪ್ರಯೋಗವನ್ನು 1956ರಲ್ಲಿ ಪೋರ್ಟೊರಿಕೊ ದ್ವೀಪದ ಬಡ ಹೆಂಗಸರ ಮೇಲೆ ನಡೆಸಲಾಯಿತು. ಅಲ್ಲಿ ಉಸ್ತುವಾರಿಯಲ್ಲಿದ್ದ ಡಾಕ್ಟರ್ ಈಡ್ರಿಸ್ ರೈಸ್-ರೇ ಎಂಬ ವೈದ್ಯೆ ವರದಿ ಮಾಡಿದ್ದೇನೆಂದರೆ, ಗುಳಿಗೆ ಗರ್ಭವನ್ನು ತಡೆಯುವುದು ನಿಜ, ಆದರೆ ನುಂಗಿದವರಲ್ಲಿ ನೂರಕ್ಕೆ 17 ಮಂದಿಗೆ ವಾಕರಿಕೆ, ತಲೆಸುತ್ತು, ತಲೆನೋವು, ವಾಂತಿ ಕಾಣಿಸಿಕೊಂಡಿವೆ. ಇಷ್ಟು ತೊಂದರೆ ಕೊಡುವ ಮದ್ದು ಸಾರ್ವತ್ರಿಕ ಬಳಕೆಗೆ ಯೋಗ್ಯವಲ್ಲ. ಪಿಂಕಸ್ ಮತ್ತು ರಾಕ್ ಇದನ್ನು ಬಹಳವಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹೆಂಗಸರ ದೂರುಗಳಲ್ಲಿ ಬಹುಪಾಲು ಮನಸ್ಸಿನ ಕಲ್ಪನೆಯೆಂಬುದು ಪಿಂಕಸನ ಅಭಿಪ್ರಾಯವಾಗಿತ್ತು. ಹೆಣ್ಣಿನ ನೋವನ್ನು ಕಲ್ಪನೆಯ ಖಾತೆಗೆ ಜಮಾ ಮಾಡುವ ಪದ್ಧತಿ ವೈದ್ಯಶಾಸ್ತ್ರದಲ್ಲಿ ಅವನಿಂದಲೇ ಆರಂಭವಾದದ್ದೇನೂ ಅಲ್ಲವೆನ್ನಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಎನೋವಿಡ್ ಎಂಬ ಈ ಗುಳಿಗೆಗೆ ಅಮೆರಿಕ ಸರಕಾರದ ಔಷಧ ಇಲಾಖೆ 1957ರಲ್ಲಿ ಮೊದಲು ಒಪ್ಪಿಗೆ ಕೊಟ್ಟದ್ದು ಗರ್ಭನಿರೋಧಕ್ಕಲ್ಲ, ಮುಟ್ಟಿನ ದೋಷಗಳ ಚಿಕಿತ್ಸೆಗೆ. ಇದು ಅಂಡ ಬಿಡುಗಡೆಯನ್ನು ತಡೆಯುತ್ತದೆ ಎಂಬ ಎಚ್ಚರಿಕೆಯನ್ನು ಜೊತೆಗೆ ಮುದ್ರಿಸಲಾಗಿತ್ತು. ಎಚ್ಚರಿಕೆಯೇ ಜಾಹೀರಾತಾಯಿತು. 1959ರ ಹೊತ್ತಿಗೆ ಸುಮಾರು 5 ಲಕ್ಷ ಅಮೆರಿಕದ ಮಹಿಳೆಯರು ಮುಟ್ಟಿನ ದೋಷವೆಂದು ಹೇಳಿಕೊಂಡು ಗುಳಿಗೆಯನ್ನು ನುಂಗುತ್ತಿದ್ದರು. ಅಷ್ಟು ಜನರಿಗೆ ಹಠಾತ್ತನೆ ಒಂದೇ ದೋಷ ಬಂದುದು ಹೇಗೆಂದು ಯಾವ ವೈದ್ಯನೂ ಕೇಳಲು ಹೋಗಲಿಲ್ಲ. ಗರ್ಭನಿರೋಧಕ ಎಂಬ ನಿಜನಾಮದಲ್ಲಿ ಅದಕ್ಕೆ ಪರವಾನಗಿ ಸಿಕ್ಕಿದ್ದು 1960ರಲ್ಲಿ. ಒಂದು ಹೆಸರಿನ ಮರೆಯಲ್ಲಿ ಇನ್ನೊಂದು ಕೆಲಸ ಮಾಡುವ ಅಭ್ಯಾಸ ಈ ಗುಳಿಗೆಗೆ ಹುಟ್ಟಿನಿಂದಲೇ ಬಂದದ್ದು.

ನುಂಗಿದವರಲ್ಲಿ ಕೆಲವರ ಮುಖ ತಿಳಿಯಾಗುತ್ತಿದ್ದುದು ಚರ್ಮವೈದ್ಯರ ಕಣ್ಣಿಗೆ ಬೀಳದೆ ಹೋಗಲಿಲ್ಲ. ಬೋಸ್ಟನ್ ನಗರದ ಸ್ಟ್ರಾಸ್ ಮತ್ತು ಪೋಚಿ ಎಂಬಿಬ್ಬರು ಚರ್ಮದ ಜಿಡ್ಡನ್ನು ಅಳೆದು ನೋಡಿ, ಗುಳಿಗೆಯ ಪ್ರಭಾವವನ್ನು ಕುರಿತು 1964ರಲ್ಲಿ ಪ್ರಬಂಧ ಪ್ರಕಟಿಸಿದರು. ಮುಖ್ಯವಾಗಿ ಕೆಲಸ ಮಾಡುತ್ತಿದ್ದುದು ಗುಳಿಗೆಯಲ್ಲಿದ್ದ ಎಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನು.

ಆದರೆ ಅದಕ್ಕೂ ಮೂರು ವರ್ಷ ಮೊದಲೇ ಇಂಗ್ಲೆಂಡಿನಿಂದ ಒಂದು ಕೆಟ್ಟ ಸುದ್ದಿ ಬಂದಿತ್ತು. 1961ರಲ್ಲಿ ಅಲ್ಲಿನ ವೈದ್ಯ ಜೋರ್ಡನ್ ಎಂಬಾತ ‘ಲ್ಯಾನ್ಸೆಟ್’ ಪತ್ರಿಕೆಗೆ ಪತ್ರ ಬರೆದು, ಗುಳಿಗೆ ನುಂಗುತ್ತಿದ್ದ ದಾದಿಯೊಬ್ಬಳ ಶ್ವಾಸಕೋಶದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ ಸಂಗತಿಯನ್ನು ತಿಳಿಸಿದನು. ಗುಳಿಗೆಯ ಅತಿ ಗಂಭೀರ ಕೇಡಿನ ಮೊದಲ ದಾಖಲೆ ಅದು. ಆ ದಾದಿ ಗುಳಿಗೆಯನ್ನು ನುಂಗುತ್ತಿದ್ದುದು ಗರ್ಭನಿರೋಧಕ್ಕಲ್ಲ, ಗರ್ಭಕೋಶಕ್ಕೆ ಸಂಬಂಧಿಸಿದ ಬೇರೊಂದು ಕಾಯಿಲೆಗೆ. ಡಬ್ಬಿಯ ಮೇಲಿನ ಹೆಸರು ಯಾವುದಾದರೇನು, ರಕ್ತಕ್ಕೆ ಓದಲು ಬರುವುದಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಅನುಮಾನ ಗಟ್ಟಿಯಾಯಿತು. 1968ರಲ್ಲಿ ಇನ್‌ಮನ್ ಮತ್ತು ವೆಸಿ ಎಂಬ ಬ್ರಿಟಿಷ್ ಸಂಶೋಧಕರು ಹೆಪ್ಪಿಗೂ ಗುಳಿಗೆಗೂ ಇರುವ ಸಂಬಂಧವನ್ನು ಅಂಕಿಅಂಶಗಳಿಂದ ತೋರಿಸಿದರು. ಮರುವರ್ಷ ಬ್ರಿಟನ್ನಿನಲ್ಲಿ 50 ಮೈಕ್ರೋಗ್ರಾಮಿಗಿಂತ ಹೆಚ್ಚು ಎಸ್ಟ್ರೋಜೆನ್ ಇರುವ ಗುಳಿಗೆಗಳನ್ನು ಬರೆಯಬೇಡಿರೆಂದು ವೈದ್ಯರಿಗೆ ಸೂಚನೆ ಹೋಯಿತು. ಮೂಲದ ಎನೋವಿಡ್‌ನಲ್ಲಿ ಇದ್ದದ್ದು ಅದರ ಮೂರರಷ್ಟು. ಅದೇ 1969ರಲ್ಲಿ ಬಾರ್ಬರಾ ಸೀಮನ್ ಎಂಬ ಪತ್ರಕರ್ತೆ ಗುಳಿಗೆಯ ಕೇಡುಗಳನ್ನು ಕುರಿತು ಪುಸ್ತಕ ಬರೆದಳು. 1970ರ ಜನವರಿಯಲ್ಲಿ ಸೆನೆಟರ್ ಗೇಲಾರ್ಡ್ ನೆಲ್ಸನ್ ವಾಷಿಂಗ್ಟನ್ನಿನಲ್ಲಿ ಬಹಿರಂಗ ವಿಚಾರಣೆ ನಡೆಸಿದಾಗ, ಗುಳಿಗೆ ನುಂಗಿದ ಒಬ್ಬ ಹೆಂಗಸನ್ನೂ ಸಾಕ್ಷಿಯಾಗಿ ಕರೆದಿರಲಿಲ್ಲ. ಸಭೆಯಲ್ಲಿದ್ದ ತರುಣಿಯರು ಎದ್ದು ನಿಂತು ಅದನ್ನೇ ಕೇಳಿದರು. ಟೆಲಿವಿಷನ್ ಅದನ್ನು ದೇಶಕ್ಕೆಲ್ಲ ತೋರಿಸಿತು. ಆ ವರ್ಷವೇ ಗುಳಿಗೆಯ ಡಬ್ಬಿಯಲ್ಲಿ, ನುಂಗುವವಳೇ ಓದಿಕೊಳ್ಳಬೇಕಾದ ಎಚ್ಚರಿಕೆಯ ಚೀಟಿ ಕಡ್ಡಾಯವಾಯಿತು. ನಾವು ಇಂದು ಮಡಿಕೆ ಬಿಚ್ಚದೆ ಎಸೆಯುವ ಆ ತೆಳ್ಳನೆಯ ಕಾಗದಕ್ಕೆ ಇಷ್ಟು ದೊಡ್ಡ ಜಗಳದ ಹಿನ್ನೆಲೆಯಿದೆ.

ಈಗ ಸ್ವಲ್ಪ ಶರೀರಶಾಸ್ತ್ರಕ್ಕೆ ಮರಳಬೇಕು. ಏಕೆಂದರೆ ಈ ಕಥೆಯ ಗಂಟು ಇರುವುದು ಅಲ್ಲಿಯೇ. ನುಂಗಿದ ಎಸ್ಟ್ರೋಜೆನ್ ಯಕೃತ್ತನ್ನು ಪ್ರಚೋದಿಸುತ್ತದೆ. ಆಗ ಯಕೃತ್ತು ರಕ್ತಕ್ಕೆ ಒಂದು ಪ್ರೋಟೀನನ್ನು ಹೆಚ್ಚಾಗಿ ಬಿಡುತ್ತದೆ. ಈ ಪ್ರೋಟೀನು ಟೆಸ್ಟೋಸ್ಟಿರೋನನ್ನು ಕಟ್ಟಿಹಾಕುವುದರಿಂದ ಚರ್ಮಕ್ಕೆ ತಲಪುವ ಹಾರ್ಮೋನು ಕಡಿಮೆಯಾಗಿ ಜಿಡ್ಡು ಇಳಿಯುತ್ತದೆ. ಅಂಡಾಶಯವೂ ಅರೆನಿದ್ರೆಗೆ ಹೋಗುವುದರಿಂದ ಉತ್ಪತ್ತಿಯೂ ತಗ್ಗುತ್ತದೆ. ಆದರೆ ರಕ್ತವನ್ನು ಹೆಪ್ಪುಗಟ್ಟಿಸುವ ವಸ್ತುಗಳನ್ನು ತಯಾರಿಸುವುದೂ ಅದೇ ಯಕೃತ್ತು, ಅವನ್ನು ಹೆಚ್ಚಿಸುವುದೂ ಅದೇ ಪ್ರಚೋದನೆ. ಆ ಪ್ರೋಟೀನನ್ನು ಹೆಚ್ಚು ಏರಿಸುವ ಗುಳಿಗೆಗಳೇ ಸಾಮಾನ್ಯವಾಗಿ ಹೆಪ್ಪಿನ ಅಪಾಯವನ್ನೂ ಹೆಚ್ಚು ತರುತ್ತವೆ. ಮುಖವನ್ನು ತಿಳಿಗೊಳಿಸುವ ಗುಣವೂ ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿಸುವ ದೋಷವೂ ಒಂದೇ ಒಲೆಯಲ್ಲಿ ಬೇಯುವ ಅಡುಗೆ. ಅಡ್ಡ ಪರಿಣಾಮ ಎಂಬ ನಮ್ಮ ಮಾತು ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ. ಅದು ಅಡ್ಡದಾರಿಯಿಂದ ಬಂದದ್ದಲ್ಲ, ನೇರ ದಾರಿಯಲ್ಲೇ ಬಂದದ್ದು.

ಎಸ್ಟ್ರೋಜೆನ್ ಪ್ರಮಾಣ ಇಳಿದಂತೆ ಹೆಪ್ಪಿನ ಭಯ ತಗ್ಗಿತು, ಮೊಡವೆಯ ಮೇಲಿನ ಹಿಡಿತವೂ ಸಡಿಲವಾಯಿತು. ಆಗ ಬಂದದ್ದು ಬೇರೊಂದು ಉಪಾಯ. ಬರ್ಲಿನ್ನಿನ ಶೇರಿಂಗ್ ಕಂಪನಿಯಲ್ಲಿ 1960ರ ದಶಕದ ಆರಂಭದಲ್ಲಿ ಸೈಪ್ರೊಟಿರೋನ್ ಎಂಬ ವಸ್ತು ತಯಾರಾಗಿತ್ತು. ಪುರುಷ ಹಾರ್ಮೋನಿನ ಕೆಲಸವನ್ನು ಎದುರು ನಿಂತು ತಡೆಯುವ ಶಕ್ತಿ ಅದಕ್ಕಿದ್ದುದು ತಿಳಿಯಿತು. ಅದನ್ನು ಎಸ್ಟ್ರೋಜೆನ್ನಿನೊಡನೆ ಬೆರೆಸಿ 1978ರಲ್ಲಿ ಡಯಾನ್ ಎಂಬ ಗುಳಿಗೆಯನ್ನು ಜರ್ಮನಿಯಲ್ಲಿ ಮಾರಾಟಕ್ಕೆ ತಂದರು. ಬಳಿಕ ಎಸ್ಟ್ರೋಜೆನ್ನನ್ನು 35 ಮೈಕ್ರೋಗ್ರಾಮಿಗೆ ಇಳಿಸಿ ಡಯಾನ್-35 ಎಂದು ಕರೆದರು. ಬೇಟೆಯ ದೇವತೆಯಾದ ಕನ್ಯೆ ಡಯಾನಾಳ ಹೆಸರು ಅಂಡಾಶಯವನ್ನು ಮಲಗಿಸುವ ಗುಳಿಗೆಗೆ ಒಪ್ಪುತ್ತದೆಂದು ಪುರಾಣಪ್ರಿಯರು ಹೇಳಬಹುದು.

ಫ್ರಾನ್ಸಿನಲ್ಲಿ ಇದಕ್ಕೆ 1987ರಲ್ಲಿ ಪರವಾನಗಿ ದೊರೆತದ್ದು ಮೊಡವೆಯ ಮದ್ದು ಎಂದು ಮಾತ್ರ. ಅದು ಗರ್ಭವನ್ನೂ ತಡೆಯುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ವೈದ್ಯರು ಗರ್ಭನಿರೋಧಕವಾಗಿಯೇ ಧಾರಾಳವಾಗಿ ಬರೆದುಕೊಟ್ಟರು. ಎನೋವಿಡ್‌ನ ಕಥೆ ಇಲ್ಲಿ ತಲೆಕೆಳಗಾಗಿ ನಡೆಯಿತು. 2012ರಲ್ಲಿ ಆ ದೇಶದ ಸುಮಾರು 3,15,000 ಮಹಿಳೆಯರು ಇದನ್ನು ನುಂಗುತ್ತಿದ್ದರು. ಆ ವರ್ಷದ ಡಿಸೆಂಬರಿನಲ್ಲಿ ಬೇರೊಂದು ಗುಳಿಗೆಯಿಂದ ಪಾರ್ಶ್ವವಾಯು ಪೀಡಿತಳಾದೆನೆಂದು ತರುಣಿಯೊಬ್ಬಳು ದೂರು ಕೊಟ್ಟದ್ದೇ ದೇಶದಲ್ಲಿ ಕೋಲಾಹಲವಾಯಿತು. 2013ರ ಜನವರಿಯಲ್ಲಿ ಫ್ರಾನ್ಸಿನ ಔಷಧ ಸಂಸ್ಥೆ, 1987ರಿಂದ ಈಚೆಗೆ 4 ಸಾವುಗಳಿಗೆ ಡಯಾನ್-35ರಿಂದಾದ ಹೆಪ್ಪು ಕಾರಣವೆಂದು ಪ್ರಕಟಿಸಿ, ಮಾರಾಟವನ್ನು ಅಮಾನತಿನಲ್ಲಿಡುವುದಾಗಿ ಸಾರಿತು. ಮೇ ತಿಂಗಳಲ್ಲಿ ಅದು ಅಂಗಡಿಗಳಿಂದ ಮರೆಯಾಯಿತು.

ಲಕ್ಷಾಂತರ ಮಂದಿಯಲ್ಲಿ 25 ವರ್ಷಕ್ಕೆ 4 ಸಾವು ಎಷ್ಟರದೆಂದು ಕೇಳುವವರಿದ್ದಾರೆ. ಪ್ರಶ್ನೆ ಅನ್ಯಾಯದ್ದಲ್ಲ. ಅಮೆರಿಕದ ಔಷಧ ಇಲಾಖೆಯ ಲೆಕ್ಕದಂತೆ, ಒಂದು ವರ್ಷದಲ್ಲಿ ಗುಳಿಗೆ ನುಂಗದ, ಗರ್ಭಿಣಿಯಲ್ಲದ 10,000 ಹೆಂಗಸರಲ್ಲಿ 1ರಿಂದ 5 ಮಂದಿಗೆ ಹೆಪ್ಪು ಕಟ್ಟುತ್ತದೆ. ಗುಳಿಗೆ ನುಂಗುವವರಲ್ಲಿ 3ರಿಂದ 9. ಗರ್ಭಿಣಿಯರಲ್ಲಿ 5ರಿಂದ 20. ಹೆರಿಗೆಯಾದ 12 ವಾರಗಳೊಳಗೆ ಇದೇ ಲೆಕ್ಕದಲ್ಲಿ 40ರಿಂದ 65. ಗರ್ಭ ಬೇಡವೆಂದು ನುಂಗುವವಳಿಗೆ ಈ ಅಂಕಿಗಳು ಸಮಾಧಾನ ತರುತ್ತವೆ. ಅವಳ ತಕ್ಕಡಿಯ ಎದುರು ತಟ್ಟೆಯಲ್ಲಿ ಬಸಿರು ಬಾಣಂತನಗಳ ಅಪಾಯವಿದೆ. ಮೊಡವೆಗೆಂದು ಮಾತ್ರ ನುಂಗುವ ಹುಡುಗಿಯ ಎದುರು ತಟ್ಟೆಯಲ್ಲಿ ಇರುವುದು ಮೊಡವೆಯೊಂದೇ. ಅದೂ ಹಗುರವೆಂದು ನಾನು ಹೇಳಲಾರೆ. ಕೆನ್ನೆಯ ತುಂಬ ಕಲೆಗುಳಿಗಳನ್ನು ಉಳಿಸಿ ಹೋಗುವ ಮೊಡವೆಯಿಂದ ಕಾಲೇಜನ್ನೇ ತೊರೆದವರಿದ್ದಾರೆ. ಆದರೂ ತೂಕ ಬೇರೆ. ಒಂದರ ತಟ್ಟೆಯಲ್ಲಿ ತೂಗಿ ಇನ್ನೊಂದರ ಹೆಸರಿನಲ್ಲಿ ಮಾರಿದರೆ ಲೆಕ್ಕ ತಪ್ಪುತ್ತದೆ.

ಅಮೆರಿಕದವರು ಈ ವಿಷಯದಲ್ಲಿ ಕಾಗದದ ಮೇಲಾದರೂ ಹೆಚ್ಚು ಪ್ರಾಮಾಣಿಕರು. 1990ರ ದಶಕದ ಕೊನೆಯ ಭಾಗದಲ್ಲಿ ಆರ್ಥೊ ಟ್ರೈ-ಸೈಕ್ಲೆನ್ ಎಂಬ ಗುಳಿಗೆಯನ್ನು ಮೊಡವೆಗೆ ಒಪ್ಪಿಕೊಂಡಾಗ, ಗರ್ಭನಿರೋಧವೂ ಬೇಕೆಂಬವಳಿಗೆ ಮಾತ್ರ ಎಂಬ ನಿಬಂಧನೆಯನ್ನು ಸೇರಿಸಿದರು. 2007ರಲ್ಲಿ ಡ್ರೋಸ್ಪಿರಿನೋನ್ ಇರುವ ಯಾಜ್ ಗುಳಿಗೆಗೂ ಇದೇ ನಿಬಂಧನೆ. ಕಾಗದ ಒಂದು, ಟೆಲಿವಿಷನ್ ಇನ್ನೊಂದು. ಯಾಜ್‌ನ ಜಾಹೀರಾತುಗಳು ಮೊಡವೆ ಮತ್ತು ಮನಸ್ಸಿನ ಬೇಗುದಿಗಳ ಮೇಲೆ ಅದರ ಪ್ರಭಾವವನ್ನು ಹಿಗ್ಗಿಸಿ ಹೇಳಿದವೆಂದು ಸರಕಾರ ಆಕ್ಷೇಪಿಸಿದಾಗ, ಬಾಯರ್ ಕಂಪನಿ 2009ರಲ್ಲಿ 2 ಕೋಟಿ ಡಾಲರು ಖರ್ಚುಮಾಡಿ ತನ್ನ ಮಾತನ್ನು ತಿದ್ದುವ ಜಾಹೀರಾತು ಕೊಡಬೇಕಾಯಿತು. ಡ್ರೋಸ್ಪಿರಿನೋನ್ ಗುಳಿಗೆಗಳಲ್ಲಿ ಹೆಪ್ಪಿನ ಅಪಾಯ ಹಳೆಯ ಕೆಲವು ಗುಳಿಗೆಗಳಿಗಿಂತ ಮೂರು ಪಟ್ಟಿನವರೆಗೂ ಇರಬಹುದೆಂಬ ಎಚ್ಚರಿಕೆ 2012ರಲ್ಲಿ ಚೀಟಿಗೆ ಸೇರಿತು.

ಸಣ್ಣಪುಟ್ಟ ತೊಂದರೆಗಳ ಮಾತು ಬೇರೆ. ವಾಕರಿಕೆ, ಸ್ತನಗಳ ನೋವು, ತಲೆನೋವು, ನಡುನಡುವೆ ರಕ್ತ ಕಾಣಿಸಿಕೊಳ್ಳುವುದು ಮೊದಲ ತಿಂಗಳುಗಳಲ್ಲಿ ಸಾಮಾನ್ಯ. ಮೊಡವೆ ಇಳಿಯಲು ಕನಿಷ್ಠ ಮೂರು ತಿಂಗಳು ಬೇಕು. ಬಿಟ್ಟರೆ ಹಲವರಲ್ಲಿ ಮರಳಿ ಬರುತ್ತದೆ. ಇನ್ನೊಂದು ವಿಪರ್ಯಾಸವೆಂದರೆ ನಮ್ಮ ಹೆಂಗಸರು ಬಂಗು ಎಂದು ಕರೆಯುವ ಕಂದು ಕಲೆ. ನಮ್ಮಂಥ ಗೋಧಿ, ಕಂದು ಮೈಬಣ್ಣದವರಲ್ಲೇ ಇದು ಹೆಚ್ಚು, ಅದನ್ನು ಎಬ್ಬಿಸುವ ಕಾರಣಗಳಲ್ಲಿ ಗುಳಿಗೆಯೂ ಒಂದು. ಗುಳ್ಳೆ ಹೋದ ಕೆನ್ನೆಯ ಮೇಲೆ ಬಂಗು ಬಂದು ಕುಳಿತರೆ ಆ ಮುಖದವಳು ಯಾರಲ್ಲಿ ದೂರಬೇಕು?

ನಮ್ಮಲ್ಲಿ ಸರಕಾರದ ಮಾಲಾ-ಡಿ ಗುಳಿಗೆಯ ಹೆಸರನ್ನು ಗೋಡೆಬರಹದಲ್ಲಿಯೂ ರೇಡಿಯೋದಲ್ಲಿಯೂ ಕೇಳದವರಿಲ್ಲ. ಅದರ ಕೆಲಸವೇನೆಂಬುದು ಮುಚ್ಚುಮರೆಯಿಲ್ಲದ ಸಂಗತಿ. ಸೈಪ್ರೊಟಿರೋನ್ ಗುಳಿಗೆಗಳ ರೀತಿ ಹಾಗಲ್ಲ. ಅವು ಹಲವು ಹೆಸರುಗಳಲ್ಲಿ ಇಲ್ಲಿ ಸಿಗುತ್ತವೆ. ಮೊಡವೆಗೆ, ಅನಗತ್ಯ ರೋಮಕ್ಕೆ, ಅಂಡಾಶಯದ ನೀರುಗುಳ್ಳೆಗಳ ದೋಷಕ್ಕೆ ವೈದ್ಯರು ಬರೆಯುತ್ತಾರೆ. ಮದುವೆಯಾಗದ ಮಗಳಿಗೆ ಗರ್ಭನಿರೋಧಕವೇ ಎಂದು ತಾಯಿ ಗಾಬರಿಯಾಗುವುದನ್ನು ತಪ್ಪಿಸಲು ‘ಹಾರ್ಮೋನಿನ ಮಾತ್ರೆ’ ಎಂದು ಹೇಳಿ ಮುಗಿಸುವುದೂ ಉಂಟು. ಗಾಬರಿಯೇನೋ ತಪ್ಪುತ್ತದೆ. ಮನೆಯಲ್ಲಿ ಯಾರಿಗಾದರೂ ಹಿಂದೆ ಹೆಪ್ಪು ಕಟ್ಟಿದ್ದುಂಟೇ ಎಂಬ ಪ್ರಶ್ನೆಗೆ ಉತ್ತರ ಕೊಡಬಲ್ಲ ತಾಯಿಯೂ ಅದರೊಡನೆ ಮಾತಿನಿಂದ ಹೊರಗುಳಿಯುತ್ತಾಳೆ.

ಫ್ರಾನ್ಸಿನ ನಿಷೇಧ ಬಹುಕಾಲ ನಿಲ್ಲಲಿಲ್ಲ. ಯೂರೋಪಿನ ಔಷಧ ಸಂಸ್ಥೆ ದಾಖಲೆಗಳನ್ನೆಲ್ಲ ಪರಿಶೀಲಿಸಿ, ಲೇಪನಗಳಿಂದಲೂ ಆಂಟಿಬಯಾಟಿಕ್ ಮದ್ದುಗಳಿಂದಲೂ ಗುಣವಾಗದ ಮೊಡವೆಗೆ ಮಾತ್ರ ಇದನ್ನು ಕೊಡಬಹುದೆಂದು 2013ರಲ್ಲಿ ತೀರ್ಮಾನಿಸಿತು. 2014ರ ಜನವರಿಯಲ್ಲಿ ಡಯಾನ್-35 ಪ್ಯಾರಿಸಿನ ಅಂಗಡಿಗಳಿಗೆ ಮರಳಿತು. ಆ ತೀರ್ಮಾನದಲ್ಲಿ ಒಂದು ಎಚ್ಚರಿಕೆಯೂ ಸೇರಿತ್ತು: ಇದನ್ನು ನುಂಗುವವಳು ಬೇರೆ ಹಾರ್ಮೋನು ಗರ್ಭನಿರೋಧಕವನ್ನು ಜೊತೆಯಲ್ಲಿ ನುಂಗಬಾರದು, ಎಸ್ಟ್ರೋಜೆನ್ ಇಮ್ಮಡಿಯಾಗುತ್ತದೆ. ಮೊಡವೆಯ ಮದ್ದೆಂದಷ್ಟೇ ತಿಳಿದವಳು ಹಾಗೆ ಎರಡನ್ನೂ ನುಂಗುವುದು ಅಸಂಭವವೇನಲ್ಲ. ಬರೆಯುವ ವೈದ್ಯನ ಕೈಗೂ ಒಂದು ಪ್ರಶ್ನೆಗಳ ಪಟ್ಟಿ ಬಂತು. ವಯಸ್ಸು 35 ದಾಟಿದೆಯೇ, ಧೂಮಪಾನ ಉಂಟೇ, ಮೈತೂಕ ಹೆಚ್ಚೇ, ಅರೆತಲೆನೋವು ಬರುತ್ತದೆಯೇ, ಒಡಹುಟ್ಟಿದವರಿಗೆ ಅಥವಾ ಹೆತ್ತವರಿಗೆ ಎಳೆಯ ವಯಸ್ಸಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ ಎಂಬಂಥ ಪ್ರಶ್ನೆಗಳು ಅವು. ಕೇಳಿ ಮುಗಿಸಲು ಐದು ನಿಮಿಷ ಸಾಕು.