‘ಕಾಫಿರ್’: ಕೇಪ್‌ಟೌನ್‌ನಿಂದ ಹೈಬ್ರಿಡ್ ಜೋಳದವರೆಗೆ

ಜನಾಂಗವನ್ನು ಸೂಚಿಸುವ ಪದಗಳು ಬಳಸಿ ಬಳಸಿ ತಾವಾಗಿಯೇ ಕೆಡುತ್ತವೆ, ಆಗ ಹೊಸ ಪದ ಬೇಕಾಗುತ್ತದೆ ಎಂಬ ವಿವರಣೆ ಸಾಮಾನ್ಯ. ‘ಕಾಫಿರ್’ ಪದದ ಚರಿತ್ರೆ ಇದಕ್ಕೆ ಒಗ್ಗುವುದಿಲ್ಲ. ಪದ ಒಂದೇ ಆದರೂ ದಕ್ಷಿಣ ಆಫ್ರಿಕದಲ್ಲಿ ಅದನ್ನು ಆಡಿದವರು ಜೈಲಿಗೆ ಹೋಗಿದ್ದಾರೆ, ಶ್ರೀಲಂಕಾದಲ್ಲಿ ಒಂದು ಸಮುದಾಯ ಅದನ್ನೇ ತನ್ನ ಹೆಸರಾಗಿ ಉಳಿಸಿಕೊಂಡಿದೆ.

ಮೂಲ ಅರಬ್ಬಿಯಲ್ಲಿ ಇದು ಮೈಬಣ್ಣದ ಮಾತಲ್ಲ, ನಂಬಿಕೆಯ ಮಾತು. ಇಸ್ಲಾಮನ್ನು ಒಪ್ಪದವನು ಎಂದಷ್ಟೇ. ಪೂರ್ವ ಆಫ್ರಿಕದ ಕರಾವಳಿಗೆ ಬಂದ ಅರಬ್ ವರ್ತಕರು ಒಳನಾಡಿನ ಜನರನ್ನು ಹೀಗೆ ಕರೆದರು. ಅವರಿಂದ ಪೋರ್ಚುಗೀಸರು, ಅವರ ಬೆನ್ನಿಗೆ ಡಚ್ಚರು, ಇಂಗ್ಲಿಷರು ಅದನ್ನು ಎತ್ತಿಕೊಂಡರು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಕೇಪ್‌ಟೌನ್‌ನಲ್ಲಿ ‘ಕಾಫರ್’ ಎಂದರೆ ನಗರಕಾವಲಿಗೂ ಶಿಕ್ಷೆ ಜಾರಿಗೂ ನೇಮಿಸಿದ ಕೆಳದರ್ಜೆಯ ಸಿಬ್ಬಂದಿ. ಅವರಲ್ಲಿ ಅನೇಕರು ಏಷ್ಯಾದಿಂದ ಗಡೀಪಾರಾಗಿ ಬಂದ ಕೈದಿಗಳು. ಅಂದರೆ ಆ ಊರಿನಲ್ಲಿ, ಆ ಹೊತ್ತಿಗೆ, ಈ ಪದಕ್ಕೆ ಆಫ್ರಿಕನ್ ಎಂಬ ಅರ್ಥವೇ ಗಟ್ಟಿಯಾಗಿ ಅಂಟಿರಲಿಲ್ಲ.

ಅಂಟಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಆದರೆ ಆಗಲೂ ಅದು ಬೈಗುಳವಷ್ಟೇ ಆಗಿರಲಿಲ್ಲ. ದಕ್ಷಿಣ ಆಫ್ರಿಕದ ಖೋಸಾ ಜನರ ಭಾಷೆಯ ವ್ಯಾಕರಣವನ್ನು 1834ರಲ್ಲಿ ಪ್ರಕಟಿಸಿದ ಮಿಷನರಿ ವಿಲಿಯಂ ಬಾಯ್ಸ್ ಅದನ್ನು ‘ಕಾಫಿರ್ ಭಾಷೆ’ ಎಂದೇ ಕರೆದ. ಆಲ್ಬರ್ಟ್ ಕ್ರೊಪ್ಫ್‌ನ 1899ರ ನಿಘಂಟಿನ ಹೆಸರಿನಲ್ಲೂ ಅದೇ ಪದ. ಇವರಿಬ್ಬರೂ ಆ ಭಾಷೆಗಾಗಿ ಶ್ರಮಪಟ್ಟವರು, ಹೀಗಳೆಯಲು ಬರೆದವರಲ್ಲ. ಅದೇ ದಶಕಗಳಲ್ಲಿ ಬ್ರಿಟಿಷ್ ಸೇನೆ ಖೋಸಾ ಜನರ ಮೇಲೆ ‘ಕಾಫಿರ್ ಯುದ್ಧ’ಗಳನ್ನು ನಡೆಸಿ ನೆಲ ಕಿತ್ತುಕೊಳ್ಳುತ್ತಿತ್ತು. ಲಂಡನ್ ಷೇರುಪೇಟೆಯಲ್ಲಿ ದಕ್ಷಿಣ ಆಫ್ರಿಕದ ಗಣಿ ಷೇರುಗಳಿಗೆ ‘ಕಾಫಿರ್ಸ್’ ಎಂಬ ಅಡ್ಡಹೆಸರಿತ್ತು. ಪದವನ್ನು ಹಾಳುಮಾಡಿದ್ದು ನಿಘಂಟಲ್ಲ. ನೆಲ, ಗಣಿ ಮತ್ತು ಮನೆಗೆಲಸದ ಸಂಬಂಧಗಳು.

ದಕ್ಷಿಣ ಆಫ್ರಿಕದ ಸರ್ಕಾರಿ ಕಡತಗಳಲ್ಲಿ ಅದರ ಜಾಗಕ್ಕೆ ‘ನೇಟಿವ್’ ಬಂತು. ಅದನ್ನು ಆಫ್ರಿಕನ್ನರೂ ಬಳಸುತ್ತಿದ್ದರು: 1912ರಲ್ಲಿ ಹುಟ್ಟಿದ ಅವರ ಕಾಂಗ್ರೆಸ್ಸಿನ ಹೆಸರಿನಲ್ಲೇ ‘ನೇಟಿವ್’ ಇತ್ತು, 1923ರಲ್ಲಿ ಅದು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಆಯಿತು. 1952ರ ಕಾಯ್ದೆಯೊಂದು ತನ್ನ ಹೆಸರಿನಲ್ಲಿ ನೇಟಿವರ ಪಾಸುಗಳನ್ನು ‘ರದ್ದುಮಾಡಿ’, ಒಳಗೆ ಹದಿನಾರು ದಾಟಿದ ಪ್ರತಿಯೊಬ್ಬ ಆಫ್ರಿಕನ್ನರಿಗೂ ಓಡಾಟದ ಅನುಮತಿ ದಾಖಲಿಸುವ ಪಾಸ್‌ಬುಕ್ ಕಡ್ಡಾಯ ಮಾಡಿತು. 1958ರಲ್ಲಿ ಆಫ್ರಿಕನ್ನರ ಆಡಳಿತ ನೋಡುತ್ತಿದ್ದ ಇಲಾಖೆಯ ಹೆಸರಿನಲ್ಲಿ ‘ನೇಟಿವ್’ ಹೋಗಿ ‘ಬಂಟು’ ಬಂತು. ಜುಲು ಭಾಷೆಯ ‘ಅಬಂಟು’ ಎಂದರೆ ಜನರು. ಇದಕ್ಕಿಂತ ನಿರಪಾಯದ ಪದ ಹುಡುಕಿದರೂ ಸಿಗದು. ಪಾಸ್‌ಬುಕ್ಕಿನ ಜೊತೆ ಓಡಾಡಿದ್ದಕ್ಕೆ ಅದೂ ಎರಡೇ ದಶಕದಲ್ಲಿ ಹೇಸಿಗೆ ಹುಟ್ಟಿಸಿತು. 1978ರಲ್ಲಿ ‘ಪ್ಲೂರಲ್’ ಎಂಬ ನಗೆಪಾಟಲಿನ ಹೆಸರು ಬಂತು. ಹಳ್ಳಿಯವನು ‘ರೂರಲ್ ಪ್ಲೂರಲ್’, ಒಂಟಿಯಾಗಿದ್ದವನು ‘ಸಿಂಗ್ಯುಲರ್ ಪ್ಲೂರಲ್’ ಎಂದು ಜನ ಆಡಿಕೊಂಡರು. ಫಲಕ ಬದಲಾದರೂ ಕಚೇರಿ ಅದೇ ಇತ್ತು.

ವಿಚಿತ್ರವೆಂದರೆ, ಕರಿಯರನ್ನು ‘ಕಾಫಿರ್’ ಎನ್ನುವುದು ಅವರ ಘನತೆಗೆ ಮಾಡುವ ಅಪಮಾನ ಎಂದು ನಟಾಲ್‌ನ ನ್ಯಾಯಾಲಯ 1976ರಲ್ಲೇ, ವರ್ಣಭೇದ ನೀತಿ ಜಾರಿಯಲ್ಲಿದ್ದಾಗಲೇ ಹೇಳಿತ್ತು. 2018ರಲ್ಲಿ ಮಹಿಳೆಯೊಬ್ಬರು ಪೊಲೀಸರ ಮೇಲೆ ಈ ಪದವನ್ನು ಮತ್ತೆ ಮತ್ತೆ ಎಸೆದದ್ದಕ್ಕೆ ಜೈಲುಶಿಕ್ಷೆಗೆ ಒಳಗಾದರು. ಅಲ್ಲಿನ ಪತ್ರಿಕೆಗಳು ಈಗ ಪದವನ್ನು ಪೂರ್ತಿ ಅಚ್ಚುಮಾಡಲು ಹಿಂಜರಿದು ‘ಕೆ-ಪದ’ ಎಂದು ಬರೆಯುತ್ತವೆ. ದಕ್ಷಿಣ ಆಫ್ರಿಕದ ಮೊದಲ ವರ್ಷಗಳ ಗಾಂಧಿ ಬರಹಗಳಲ್ಲೂ ಈ ಪದವಿದೆ. ಘಾನಾ ವಿಶ್ವವಿದ್ಯಾಲಯದ ಆವರಣದಿಂದ 2018ರ ಡಿಸೆಂಬರಿನಲ್ಲಿ ಗಾಂಧಿ ಪ್ರತಿಮೆಯನ್ನು ತೆಗೆಯುವಾಗ ವಿರೋಧಿಗಳು ಎತ್ತಿ ತೋರಿಸಿದ್ದು ಆ ಬರಹಗಳನ್ನೇ. ಅಂದಿನ ರೂಢಿಮಾತು ಎಂಬ ಸಮರ್ಥನೆ ಸುಳ್ಳಲ್ಲ. ಆದರೆ ಅದು ಯಾರ ರೂಢಿ ಎಂಬ ಪ್ರಶ್ನೆ ಉಳಿಯುತ್ತದೆ. ಹಾಗೆ ಕರೆಸಿಕೊಂಡವರದ್ದಂತೂ ಅಲ್ಲ.

ಶ್ರೀಲಂಕಾದ ಪುತ್ತಳಂ ಸುತ್ತಮುತ್ತ ಇರುವ ಆಫ್ರಿಕನ್ ಮೂಲದ ಪುಟ್ಟ ಸಮುದಾಯ ತನ್ನನ್ನು ಕಾಫಿರ್ ಎಂದೇ ಕರೆದುಕೊಳ್ಳುತ್ತದೆ. ವಸಾಹತುಗಾರರು ಗುಲಾಮರಾಗಿ, ಸೈನಿಕರಾಗಿ ಕರೆತಂದವರ ಸಂತತಿ ಅದು. ‘ಮಂಜ’ ಎಂಬ ಅವರ ಹಾಡುಗಳಲ್ಲಿ ಪೋರ್ಚುಗೀಸ್ ಮಿಶ್ರಿತ ಭಾಷೆ ಉಳಿದಿದೆ. ಅಲ್ಲಿ ಈ ಪದದ ಕೈಯಲ್ಲಿ ಪಾಸ್‌ಬುಕ್ ಇರಲಿಲ್ಲ. ಗುಲಾಮಗಿರಿ ಇತ್ತು, ನಿಜ. ಹಾಗಾಗಿ ಹೆಸರು ಉಳಿಯಲು ಪಾಸ್‌ಬುಕ್ ಇಲ್ಲದ್ದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. ಆದರೂ ವ್ಯತ್ಯಾಸ ಗಣನೀಯ.

ಇನ್ನು ಜೋಳ. ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಹೋದ ಜೋಳದ ತಳಿಗಳು ಅಲ್ಲಿ ‘ಕಾಫಿರ್’ ಎನಿಸಿಕೊಂಡವು. ಅವುಗಳಿಂದ ಕಂಬೈನ್ ಯಂತ್ರದಲ್ಲಿ ಕೊಯ್ಯಲು ಬರುವ ಗಿಡ್ಡ ತಳಿ, ‘ಕಂಬೈನ್ ಕಾಫಿರ್ 60’, ಹುಟ್ಟಿತು. ಭಾರತದಲ್ಲಿ 1964ರಲ್ಲಿ ಬಿಡುಗಡೆಯಾದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1ರ ಹೆಣ್ಣುತಳಿ ಇದರದೇ ರೂಪ, ‘ಸಿಕೆ 60ಎ’. ಬಿತ್ತನೆಬೀಜದ ರೈತರ ಬಾಯಲ್ಲಿ ಅದು ಬರೀ ‘ಹೈಬ್ರಿಡ್’. ಸಸ್ಯವಿಜ್ಞಾನದಲ್ಲಿ ಜೋಳದ ಐದು ಮುಖ್ಯ ವರ್ಗಗಳಲ್ಲೊಂದು ಇಂದಿಗೂ ಕಾಫಿರ್. ಅದೇ ಹೆಸರು ಹೊತ್ತಿದ್ದ ನಿಂಬೆಜಾತಿಯ ಎಲೆ ಮಾತ್ರ ಅಂಗಡಿಗಳಲ್ಲಿ ‘ಮಕ್ರುತ್’ ಆಗುತ್ತಿದೆ: ಅದರ ಪೊಟ್ಟಣವನ್ನು ಗಿರಾಕಿ ಓದುತ್ತಾನೆ, ತಳಿಯ ಸಂಕೇತವನ್ನು ತಳಿವಿಜ್ಞಾನಿ ಮಾತ್ರ.